ಮಾತ್ರೆ ಮುಗಿದ ಮರುದಿನ

1944ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಬೆಥೆಸ್ಡಾ ನೌಕಾಪಡೆ ಆಸ್ಪತ್ರೆಗೆ ಅರವತ್ತೆರಡು ವರ್ಷದ ರೋಗಿಯೊಬ್ಬರು ತಪಾಸಣೆಗೆ ಬಂದರು. ಬಿಡದ ಕೆಮ್ಮು, ಇಡೀ ದಿನ ಸುಸ್ತು, ಸ್ವಲ್ಪ ಅಲುಗಾಡಿದರೂ ಏದುಸಿರು. ಅಲ್ಲಿನ ಯುವ ಹೃದ್ರೋಗ ತಜ್ಞ ಹೋವರ್ಡ್ ಬ್ರೂನ್ ತೋಳಿಗೆ ಪಟ್ಟಿ ಸುತ್ತಿ ಅಳೆದಾಗ ರಕ್ತದೊತ್ತಡ 186/108 ಇತ್ತು. ಹೃದಯ ಹಿಗ್ಗಿತ್ತು, ಸೋಲತೊಡಗಿತ್ತು. ರೋಗಿಯ ಹೆಸರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಎರಡನೇ ಮಹಾಯುದ್ಧ ನಡೆಸುತ್ತಿದ್ದ ಅಮೆರಿಕದ ಅಧ್ಯಕ್ಷ.

ಅದುವರೆಗೆ ಅವರನ್ನು ನೋಡಿಕೊಳ್ಳುತ್ತಿದ್ದ ಖಾಸಗಿ ವೈದ್ಯ ರಾಸ್ ಮ್ಯಾಕಿಂಟೈರ್ ಮೂಗು, ಗಂಟಲಿನ ತಜ್ಞ. ಅಧ್ಯಕ್ಷರ ಆರೋಗ್ಯ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ ಎಂದು ಅವರು ಪತ್ರಕರ್ತರಿಗೆ ಹೇಳುತ್ತಲೇ ಬಂದರು. ಬ್ರೂನ್‌ಗೆ ನಿಜ ಗೊತ್ತಾಗಿತ್ತು, ಆದರೆ ಅವರ ಕೈಯಲ್ಲಿ ಮದ್ದಿರಲಿಲ್ಲ. ಹೃದಯಕ್ಕೆ ಡಿಜಿಟಾಲಿಸ್, ಊಟದಲ್ಲಿ ಉಪ್ಪು ಕಡಿಮೆ, ಸಿಗರೇಟು ಕಡಿಮೆ, ಮಧ್ಯಾಹ್ನ ವಿಶ್ರಾಂತಿ, ನಿದ್ದೆ ಬರಿಸುವ ಒಂದು ಮಾತ್ರೆ. ಆ ಕಾಲದ ವೈದ್ಯಶಾಸ್ತ್ರ ಕೊಡಬಹುದಾದದ್ದು ಬಹುಮಟ್ಟಿಗೆ ಇಷ್ಟೇ. 1945ರ ಏಪ್ರಿಲ್ 12ರಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಚಿತ್ರಕಾರ್ತಿಯೊಬ್ಬರ ಮುಂದೆ ಭಾವಚಿತ್ರಕ್ಕಾಗಿ ಕೂತಿದ್ದ ರೂಸ್‌ವೆಲ್ಟ್ ತಲೆಯ ಹಿಂಭಾಗ ವಿಪರೀತ ನೋಯುತ್ತಿದೆ ಎಂದರು. ಕೆಲವೇ ಗಂಟೆಗಳಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರು ಕುಸಿದ ಮೇಲೆ ಅಳೆದಾಗ ಮೇಲಿನ ಒತ್ತಡ 300 ದಾಟಿತ್ತು.

ಜಗತ್ತಿನ ಅತಿ ಪ್ರಬಲ ಮನುಷ್ಯನಿಗೆ ಅಂದು ಯಾವ ಬೆಲೆಗೂ ಸಿಗದಿದ್ದ ಮದ್ದು ಇಂದು ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧ ಕಿಟಕಿಯಲ್ಲಿ ಚೀಟಿ ತೋರಿಸಿದರೆ ಪುಕ್ಕಟೆ ಸಿಗುತ್ತದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ, ಭಾರತದಲ್ಲಿ 30ರಿಂದ 79 ವರ್ಷದೊಳಗಿನ ಸುಮಾರು 18.8 ಕೋಟಿ ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅಂಥ ನೂರು ಮಂದಿಯಲ್ಲಿ ತಮಗೆ ಬಿಪಿ ಇದೆಯೆಂದು ಗೊತ್ತಿರುವವರು 37. ಚಿಕಿತ್ಸೆ ಪಡೆಯುತ್ತಿರುವವರು 30. ಒತ್ತಡ ಹತೋಟಿಯಲ್ಲಿರುವವರು 15. ಕರ್ನಾಟಕದ ಮಟ್ಟಿಗೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರ ಪೈಕಿ ಸುಮಾರು ನಾಲ್ವರಿಗೆ ಒಬ್ಬರಂತೆ ಒತ್ತಡ ಹೆಚ್ಚಿತ್ತು, ಇಲ್ಲವೇ ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮನೆಗೊಬ್ಬರು ಎಂದರೆ ಅತಿಶಯವೇನಲ್ಲ.

ಹಾಗಾದರೆ ಆ ನೂರರಲ್ಲಿ ಉಳಿದ 85 ಮಂದಿ ಎಲ್ಲಿ ತಪ್ಪಿಹೋದರು?

ಮೊದಲ ತಪ್ಪು ಈ ಕಾಯಿಲೆಯ ಬಗ್ಗೆ ಜನರಿಗಿರುವ ಕಲ್ಪನೆಯಲ್ಲೇ ಇದೆ. ಮಕ್ಕಳು ಗಲಾಟೆ ಮಾಡಿದರೆ, ಆಫೀಸಿನಲ್ಲಿ ಮೇಲಿನವರು ರೇಗಿದರೆ, ಬಿಪಿ ಏರಿತು ಎನ್ನುವುದು ಮಾಮೂಲು. ಸಿಟ್ಟು ಬಂದಾಗ, ಓಡಿದಾಗ, ಹೆದರಿದಾಗ ಒತ್ತಡ ಏರುವುದೂ ಸಹಜ, ಆಮೇಲೆ ಇಳಿಯುವುದೂ ಸಹಜ. ಕಾಯಿಲೆಯೆಂದರೆ ಸುಮ್ಮನೆ ಕೂತಿದ್ದಾಗಲೂ ಒತ್ತಡ ಇಳಿಯದೇ ಇರುವುದು. ಶಾಂತ ಸ್ವಭಾವದ, ಯಾರಿಗೂ ದನಿಯೆತ್ತದ ಅಜ್ಜಿಗೂ 170 ಇರಬಹುದು. ತಲೆನೋವು, ತಲೆಸುತ್ತು ಬಂದರೆ ಬಿಪಿ ಹೆಚ್ಚಾಗಿದೆ, ಬರದಿದ್ದರೆ ಎಲ್ಲ ಸರಿಯಿದೆ ಎಂಬ ಲೆಕ್ಕವೂ ಕೈಕೊಡುತ್ತದೆ. ಹೆಚ್ಚಿನವರಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಮೊದಲ ಲಕ್ಷಣವೇ ಲಕ್ವ ಹೊಡೆಯುವುದು ಅಥವಾ ಹೃದಯಾಘಾತ ಆಗುವುದು ಎಂಬ ಸಂದರ್ಭಗಳು ಎಷ್ಟೋ.

ಎರಡು ಸಂಖ್ಯೆಗಳ ಅರ್ಥ ಸರಳ. ಹೃದಯ ಕುಗ್ಗಿ ರಕ್ತವನ್ನು ತಳ್ಳಿದಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನದು, ಎರಡು ಬಡಿತಗಳ ನಡುವೆ ಹೃದಯ ಸಡಿಲಾದಾಗ ಇರುವುದು ಕೆಳಗಿನದು. ಬೇರೆ ಬೇರೆ ದಿನ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90, ಎರಡರಲ್ಲೊಂದು ಮುಟ್ಟಿದರೂ ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಒತ್ತಡ ಹೀಗೇ ಮುಂದುವರಿದರೆ ನಾಳಗಳು ದಪ್ಪಗಾಗಿ ಬಿರುಸಾಗುತ್ತವೆ. ಸದಾ ಭಾರದ ವಿರುದ್ಧ ಕೆಲಸ ಮಾಡುವ ಹೃದಯದ ಸ್ನಾಯು ಉಬ್ಬುತ್ತದೆ, ಕಡೆಗೆ ಸೋಲುತ್ತದೆ. ಮೂತ್ರಪಿಂಡದ ಸೂಕ್ಷ್ಮ ನಾಳಗಳು, ಕಣ್ಣಿನ ಒಳಪರದೆಯ ನಾಳಗಳು ಸದ್ದಿಲ್ಲದೆ ಹಾಳಾಗುತ್ತವೆ.

‘ವಯಸ್ಸಿಗೆ ನೂರು ಕೂಡಿಸಿ, ಅಷ್ಟಿದ್ದರೆ ನಾರ್ಮಲ್’ ಎಂಬ ಮಾತನ್ನು ಈಗಲೂ ಹಳಬರ ಬಾಯಲ್ಲಿ ಕೇಳಬಹುದು. ಅದನ್ನು ಅವರು ಸುಮ್ಮನೆ ಹುಟ್ಟಿಸಿದ್ದಲ್ಲ, ಒಂದು ಕಾಲಕ್ಕೆ ವೈದ್ಯರೇ ಹಾಗೆ ಹೇಳುತ್ತಿದ್ದರು. ವಯಸ್ಸಾದಂತೆ ನಾಳಗಳು ಬಿರುಸಾಗುತ್ತವೆ, ಅವುಗಳೊಳಗೆ ರಕ್ತ ನುಗ್ಗಲು ಹೆಚ್ಚಿನ ಒತ್ತಡ ಬೇಕೇ ಬೇಕು, ಅದನ್ನು ಇಳಿಸುವುದೇ ಅಪಾಯ ಎಂದು 1930ರ ದಶಕದ ಹೆಸರಾಂತ ವೈದ್ಯರೂ ನಂಬಿದ್ದರು. ಈ ನಂಬಿಕೆಯನ್ನು ಅಲುಗಾಡಿಸಿದ್ದು ಮ್ಯಾಸಚೂಸೆಟ್ಸ್‌ನ ಫ್ರಾಮಿಂಗ್‌ಹ್ಯಾಮ್ ಎಂಬ ಊರು. 1948ರಲ್ಲಿ ಆ ಊರಿನ 5,209 ಮಂದಿಯನ್ನು ಆರಿಸಿಕೊಂಡು, ಎರಡು ವರ್ಷಕ್ಕೊಮ್ಮೆ ಅವರನ್ನು ಪರೀಕ್ಷಿಸುತ್ತ, ಯಾರಿಗೆ ಯಾವಾಗ ಏನಾಯಿತು ಎಂದು ಬರೆದಿಡತೊಡಗಿದರು. ಒತ್ತಡ ಏರಿದಂತೆಲ್ಲ ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತ ಹೋಗುವುದು ಆ ದಾಖಲೆಗಳಲ್ಲಿ ಕಾಣಿಸಿತು. ವಯಸ್ಸಾಯಿತೆಂದು ಯಾರಿಗೂ ರಿಯಾಯಿತಿ ಇರಲಿಲ್ಲ.

ಇಳಿಸಿದರೆ ಬದುಕುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮದ್ದು ಬೇಕಿತ್ತು, ಮತ್ತು ಮೊದಮೊದಲ ಮದ್ದುಗಳಲ್ಲೊಂದು ಹೊರಟದ್ದು ನಮ್ಮ ನೆಲದಿಂದಲೇ. ಸರ್ಪಗಂಧದ ಬೇರನ್ನು ಆಯುರ್ವೇದದವರು, ನಾಟಿ ವೈದ್ಯರು ಹಿಂದಿನಿಂದ ಹಾವಿನ ಕಡಿತಕ್ಕೆ, ನಿದ್ದೆಗೆ, ಬುದ್ಧಿಭ್ರಮಣೆಗೆ ಕೊಡುತ್ತಿದ್ದರು. ಕೋಲ್ಕತ್ತದ ಗಣನಾಥ ಸೇನ್, ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಅದು ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. ಹೊರಗೆ ಯಾರೂ ಕಿವಿಗೊಡಲಿಲ್ಲ. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ತಮ್ಮ ರೋಗಿಗಳ ಮೇಲಿನ ಪ್ರಯೋಗವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದ ವೈದ್ಯರು ಎಚ್ಚೆತ್ತರು. 1952ರಲ್ಲಿ ಸ್ವಿಸ್ ಕಂಪನಿ ಸೀಬಾದ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. 1957ರಲ್ಲಿ ವಕೀಲ್‌ಗೆ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿ ಬಂತು. ರೆಸರ್ಪಿನ್ ಹೆಚ್ಚಾದರೆ ಕೆಲವರಿಗೆ ಮನಸ್ಸು ಕುಗ್ಗಿಹೋಗುತ್ತಿತ್ತು, ಹಾಗಾಗಿ ಮುಂದೆ ಅದು ಹಿಂದೆ ಸರಿಯಿತು. ಮೂತ್ರ ಹೆಚ್ಚಿಸುವ ಥಯಾಜೈಡ್ ಗುಂಪಿನ ಮಾತ್ರೆಗಳು 1950ರ ದಶಕದ ಕೊನೆಯಲ್ಲಿ ಬಂದವು. ಬ್ರೆಜಿಲ್‌ನ ಜರರಾಕ ಎಂಬ ಹಾವಿನ ವಿಷದ ಅಧ್ಯಯನದಿಂದ ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಮಾತ್ರೆ ಹುಟ್ಟಿತು.

ಇವೆಲ್ಲದರ ನಡುವೆ ನಿರ್ಣಾಯಕ ಪುರಾವೆ ಸಿಕ್ಕಿದ್ದು 1967ರಲ್ಲಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೀಸ್ ತಂಡ ಕೆಳಗಿನ ಒತ್ತಡ 115 ಅಥವಾ ಅದಕ್ಕೂ ಮೇಲಿದ್ದ 143 ಗಂಡಸರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಹುಸಿ ಮಾತ್ರೆ. ಎರಡು ವರ್ಷ ತುಂಬುವ ಹೊತ್ತಿಗೆ ಹುಸಿ ಮಾತ್ರೆಯ ಗುಂಪಿನಲ್ಲಿ 27 ಗಂಭೀರ ಅನಾಹುತಗಳಾಗಿದ್ದವು, ನಿಜವಾದ ಮಾತ್ರೆಯವರಲ್ಲಿ ಎರಡು. ರೂಸ್‌ವೆಲ್ಟ್ ಸತ್ತು ಬರೀ 22 ವರ್ಷ ಆಗಿತ್ತು.

ಅಂದರೆ ಅರ್ಧ ಶತಮಾನಕ್ಕೂ ಹಿಂದೆಯೇ ರೋಗ ಗೊತ್ತಿತ್ತು, ಅಳೆಯುವ ಸಾಧನವಿತ್ತು, ಮದ್ದಿತ್ತು, ಮದ್ದು ಕೆಲಸ ಮಾಡುತ್ತದೆ ಎಂಬ ಪುರಾವೆಯೂ ಇತ್ತು. 1970ರ ದಶಕದ ಅಮೆರಿಕದಲ್ಲಿ ಒಂದು ಲೆಕ್ಕ ಚಾಲ್ತಿಗೆ ಬಂತು: ಬಿಪಿ ಇರುವವರಲ್ಲಿ ಅರ್ಧ ಮಂದಿಗಷ್ಟೇ ಅದು ಗೊತ್ತು, ಗೊತ್ತಿರುವವರಲ್ಲಿ ಅರ್ಧ ಮಂದಿಗಷ್ಟೇ ಚಿಕಿತ್ಸೆ, ಚಿಕಿತ್ಸೆಯಲ್ಲಿರುವವರಲ್ಲಿ ಅರ್ಧ ಮಂದಿಗಷ್ಟೇ ಹತೋಟಿ. ಕೊನೆಗೆ ಉಳಿಯುವುದು ಎಂಟರಲ್ಲಿ ಒಬ್ಬರು. 2023ರ ವರದಿ ಭಾರತಕ್ಕೆ ಕೊಟ್ಟ ನೂರಕ್ಕೆ 15 ಅದರ ಆಸುಪಾಸಿನಲ್ಲೇ ಇದೆ.

ಸೋರಿಕೆ ಶುರುವಾಗುವುದು ತೋಳಿಗೆ ಪಟ್ಟಿ ಕಟ್ಟುವಲ್ಲೇ. ಬೆಳಗಿನ ಹನ್ನೊಂದರ ಹೊರರೋಗಿ ವಿಭಾಗವನ್ನು ನೆನೆಸಿಕೊಳ್ಳಿ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದವರು ಸಾಲಿನಲ್ಲಿ ಕಾದು ಕಾದು, ಹೆಸರು ಕರೆದ ಕೂಡಲೇ ಬಂದು ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂರುತ್ತಾರೆ. ರವಿಕೆಯ ತೋಳಿನ ಮೇಲೇ ಪಟ್ಟಿ ಸುತ್ತಾಗುತ್ತದೆ. ಕೈ ತೊಡೆಯ ಮೇಲೆ. ಗಾಳಿ ತುಂಬುತ್ತಿರುವಾಗಲೇ ‘ಊಟ ಆಯ್ತಾ, ಮಾತ್ರೆ ತಗೊಂಡ್ರಾ, ನಿದ್ದೆ ಬರುತ್ತಾ’ ಎಂಬ ವಿಚಾರಣೆ, ಅದಕ್ಕೆ ಉತ್ತರ. ಇವು ಒಂದೊಂದೂ ಅಳತೆಯನ್ನು ಮೇಲಕ್ಕೆ ತಳ್ಳುತ್ತವೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೋಳನ್ನು ಮೇಜಿನ ಮೇಲಿಡುವ ಬದಲು ತೊಡೆಯ ಮೇಲಿಟ್ಟರೆ ಮೇಲಿನ ಒತ್ತಡ ಸುಮಾರು 4 ಹೆಚ್ಚಿಗೆ ತೋರಿಸಿತು, ಪಕ್ಕಕ್ಕೆ ಇಳಿಬಿಟ್ಟರೆ 6ಕ್ಕಿಂತಲೂ ಹೆಚ್ಚು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ತಪ್ಪು ಇನ್ನೂ ದೊಡ್ಡದು.

ಸರಿಯಾಗಿ ಅಳೆಯಲು ಹಣ ಬೇಕಿಲ್ಲ, ಹೊತ್ತು ಬೇಕು. ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನು ಕುರ್ಚಿಗೆ ಒರಗಿರಬೇಕು, ಪಾದ ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಬೇಡ. ಬರಿತೋಳಿಗೆ ಪಟ್ಟಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ. ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಕಾಫಿ, ಬೀಡಿ ಆಗಿರಬಾರದು. ಮೂತ್ರ ಕಟ್ಟಿಕೊಂಡು ಕೂರಬಾರದು. ಮಾತು ಪೂರಾ ಬಂದ್. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಬೇಕು. ಮನೆಯಲ್ಲೇ ಯಂತ್ರ ಇಟ್ಟುಕೊಳ್ಳುವವರು ಮಣಿಕಟ್ಟಿಗೆ ಕಟ್ಟುವುದನ್ನು ಬಿಟ್ಟು ತೋಳಿಗೆ ಕಟ್ಟುವುದನ್ನೇ ಕೊಳ್ಳುವುದು ಮೇಲು. ಮನೆಯ ಅಳತೆ ಸಾಮಾನ್ಯವಾಗಿ ಆಸ್ಪತ್ರೆಯದಕ್ಕಿಂತ ಕಡಿಮೆ ಬರುತ್ತದೆ, ಆದ್ದರಿಂದ ಅಲ್ಲಿ 135/85 ದಾಟಿದರೇ ಹೆಚ್ಚೆಂದು ಲೆಕ್ಕ.

ತಪ್ಪು ಅಳತೆಯ ಇನ್ನೊಂದು ಮುಖ ಆಸ್ಪತ್ರೆಯ ರಿಜಿಸ್ಟರ್‌ಗಳಲ್ಲಿದೆ. ಸಾಲಾಗಿ 120/80, 130/80, 120/80 ಎಂದೇ ಬರೆದಿದ್ದರೆ ಅನುಮಾನ ಪಡಬೇಕು. ಮನುಷ್ಯರ ರಕ್ತದೊತ್ತಡ ಯಾವಾಗಲೂ ಸೊನ್ನೆಯಲ್ಲೇ ಮುಗಿಯುವುದಿಲ್ಲ. ಕಿವಿಯಿಂದ ಸದ್ದು ಕೇಳಿ ಅಳೆಯುವ ವಿಧಾನ ರಷ್ಯಾದ ನಿಕೊಲಾಯ್ ಕೊರೊಟ್ಕೊವ್ 1905ರಲ್ಲಿ ತೋರಿಸಿಕೊಟ್ಟದ್ದು, ಚೆನ್ನಾಗಿ ಬಲ್ಲವರ ಕೈಯಲ್ಲಿ ಅದು ಇಂದಿಗೂ ಒಳ್ಳೆಯದೇ. ಆದರೆ ನೂರು ಮಂದಿ ಕಾಯುತ್ತಿರುವಾಗ ಅಂದಾಜಿಗೆ ಅಂಕಿ ಬೀಳುತ್ತದೆ. ಡಿಜಿಟಲ್ ಯಂತ್ರಕ್ಕೆ ಮುಲಾಜಿಲ್ಲ, 147 ಇದ್ದರೆ 147 ಎಂದೇ ತೋರಿಸುತ್ತದೆ.

ಅಳತೆ ಸರಿಯಾಯಿತು, ಮಾತ್ರೆ ಶುರುವಾಯಿತು ಎಂದುಕೊಳ್ಳೋಣ. ನಿಜವಾದ ಕಷ್ಟ ಇಲ್ಲಿಂದ ಮುಂದೆ. ಒಂದು ತಿಂಗಳು ಬಿಟ್ಟು ಬಂದಾಗ ಒತ್ತಡ 128/80 ಇರುತ್ತದೆ. ‘ಬಿಪಿ ನಾರ್ಮಲ್ ಆಯ್ತಲ್ಲ, ಇನ್ನು ಮಾತ್ರೆ ಯಾಕೆ?’ ನ್ಯಾಯವಾದ ಪ್ರಶ್ನೆಯೇ. ಜ್ವರಕ್ಕೆ ಕೊಟ್ಟ ಮಾತ್ರೆಯನ್ನು ಜ್ವರ ಬಿಟ್ಟ ಮೇಲೆ ಯಾರೂ ನುಂಗುವುದಿಲ್ಲ. ಆದರೆ ಬಿಪಿ ಮಾತ್ರೆ ಕಾಯಿಲೆಯನ್ನು ವಾಸಿ ಮಾಡಿರುವುದಿಲ್ಲ, ಅದುಮಿ ಹಿಡಿದಿರುತ್ತದೆ ಅಷ್ಟೆ. 128 ಬಂದದ್ದು ಮಾತ್ರೆಯಿಂದ, ಬಿಟ್ಟರೆ ಕೆಲವು ದಿನ ಅಥವಾ ವಾರಗಳಲ್ಲಿ ಒತ್ತಡ ಮತ್ತೆ ಮೊದಲಿನಲ್ಲಿಗೆ ಏರುತ್ತದೆ. ಏರಿದ್ದು ಗೊತ್ತಾಗುವುದಿಲ್ಲ, ಏಕೆಂದರೆ ನೋವಿಲ್ಲ. ಈ ಎರಡು ವಾಕ್ಯಗಳನ್ನು ಮಾತ್ರೆ ಬರೆದುಕೊಡುವ ದಿನವೇ ಬಿಡಿಸಿ ಹೇಳುವ ವೈದ್ಯರು ಎಷ್ಟು ಮಂದಿ?

ಬಿಡುವ ಕಾರಣಗಳು ಇನ್ನೂ ಇವೆ. ‘ಒಂದು ಸಲ ಶುರು ಮಾಡಿದ್ರೆ ಸಾಯೋವರೆಗೂ ಬಿಡೋಹಾಗಿಲ್ಲ’ ಎಂಬ ಭಯಕ್ಕೆ ಕೆಲವರು ಶುರುವನ್ನೇ ಮಾಡುವುದಿಲ್ಲ. ಮಾತ್ರೆಯಿಂದ ಕಿಡ್ನಿ ಹೋಗುತ್ತದೆ ಎಂಬ ಮಾತು ಹಳ್ಳಿ, ಪಟ್ಟಣ ಎರಡು ಕಡೆಯೂ ಇದೆ. ವಾಸ್ತವದಲ್ಲಿ ಕಿಡ್ನಿಯನ್ನು ಕೆಡಿಸುವುದು ಹತೋಟಿ ತಪ್ಪಿದ ಒತ್ತಡ. ಕೆಲವರಿಗೆ ಆಮ್ಲೋಡಿಪಿನ್‌ನಿಂದ ಪಾದ ಊದಿಕೊಳ್ಳುತ್ತದೆ, ಎನಲಾಪ್ರಿಲ್‌ನಂಥ ಮಾತ್ರೆಗಳಿಂದ ಒಣಕೆಮ್ಮು ಬರುತ್ತದೆ. ಇದು ನಿಜವಾದ ತೊಂದರೆ, ಆದರೆ ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಾಯಿಸಬಹುದು. ಹೇಳದೆ ಬಿಟ್ಟುಬಿಡುವುದೇ ಹೆಚ್ಚು. ಇನ್ನು ಒಂದು ವಿಚಿತ್ರ: ಖಾಲಿ ಹೊಟ್ಟೆಯಲ್ಲಿ ಶುಗರ್ ಪರೀಕ್ಷೆಗೆ ಬರಬೇಕೆಂದಾಗ ಜನ ಅಂದಿನ ಬಿಪಿ ಮಾತ್ರೆಯನ್ನೂ ತಪ್ಪಿಸುತ್ತಾರೆ. ಒತ್ತಡ ಹೆಚ್ಚಿಗೆ ಬರುತ್ತದೆ, ವೈದ್ಯರು ಮಾತ್ರೆಯ ಪ್ರಮಾಣ ಏರಿಸುತ್ತಾರೆ. ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಬನ್ನಿ ಎಂದು ಯಾರೂ ಹೇಳಿರುವುದಿಲ್ಲ.

ಎಲ್ಲಕ್ಕಿಂತ ಸಾಮಾನ್ಯ ಕಾರಣ ಬಹಳ ಸಪ್ಪೆಯಾದದ್ದು. ಮಾತ್ರೆ ಮುಗಿಯಿತು. ಹತ್ತು ದಿನಕ್ಕಾಗುವಷ್ಟು ಮಾತ್ರೆ ಕೊಟ್ಟು ಕಳಿಸಿದರೆ ಕೂಲಿಯವರು ತಿಂಗಳಿಗೆ ಮೂರು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಬರಬೇಕು. ಬಂದ ದಿನ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂಬ ಉತ್ತರ ಸಿಕ್ಕರೆ ಆ ಮುಂದಿನ ವಾರ ಬರುವುದೇ ಇಲ್ಲ. ರೋಗಿ ಅಸಡ್ಡೆ ಮಾಡಿದರು ಎಂದು ದಾಖಲೆಯಲ್ಲಿ ಬರೆಯುವುದು ಸುಲಭ.

ವೈದ್ಯರ ಕಡೆಯ ಆಲಸ್ಯಕ್ಕೂ ಪಾಲು ಸಲ್ಲಬೇಕು. 152/94 ಇರುವ ರೋಗಿಗೆ ‘ಸ್ವಲ್ಪ ಜಾಸ್ತಿ ಇದೆ, ಉಪ್ಪು ಕಮ್ಮಿ ಮಾಡಿ’ ಎಂದು ಹಳೆಯ ಚೀಟಿಯನ್ನೇ ಮತ್ತೆ ಬರೆದುಕೊಡುವುದು, ಮುಂದಿನ ಸಲವೂ ಹಾಗೇ ಮಾಡುವುದು ಜಗತ್ತಿನಾದ್ಯಂತ ನಡೆಯುತ್ತದೆ.

2017ರ ನವೆಂಬರ್‌ನಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಈ ಸಪ್ಪೆ ಕಾರಣಗಳಿಗೇ ಕೈ ಹಾಕಿತು. ಕೇಂದ್ರ ಆರೋಗ್ಯ ಸಚಿವಾಲಯ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ವಿಶ್ವ ಆರೋಗ್ಯ ಸಂಸ್ಥೆ, ರಾಜ್ಯ ಸರ್ಕಾರಗಳು ಸೇರಿ ಪಂಜಾಬ್, ಮಧ್ಯಪ್ರದೇಶ, ಮಹಾರಾಷ್ಟ್ರ, ತೆಲಂಗಾಣ, ಕೇರಳದ ಆಯ್ದ ಜಿಲ್ಲೆಗಳಲ್ಲಿ ಕೆಲಸ ಆರಂಭಿಸಿದವು. ಹೊಸ ಮದ್ದು ಯಾವುದೂ ಇರಲಿಲ್ಲ. ಇದ್ದದ್ದು ಗೋಡೆಗೆ ಅಂಟಿಸಬಹುದಾದ ಒಂದು ಹಾಳೆ: ಮೊದಲು ಯಾವ ಮಾತ್ರೆ, ಎಷ್ಟು; ತಿಂಗಳು ಬಿಟ್ಟು ಬಂದಾಗ ಒತ್ತಡ ಇನ್ನೂ 140/90ರ ಮೇಲಿದ್ದರೆ ಮುಂದಿನ ಹೆಜ್ಜೆ ಯಾವುದು; ಆಮೇಲೆ ಯಾವುದು. ಹೆಚ್ಚಿನ ಕಡೆ ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಥಯಾಜೈಡ್ ಜಾತಿಯ ಒಂದು ಮಾತ್ರೆ, ಮೂರೇ ಮದ್ದು. ವೈದ್ಯರ ಸ್ವಾತಂತ್ರ್ಯಕ್ಕೆ ಇದು ಕತ್ತರಿ ಎಂದು ಗೊಣಗುವವರು ಇಲ್ಲದಿಲ್ಲ. ಆದರೆ ಈ ಹಾಳೆಯ ಲಾಭ ಉಗ್ರಾಣದಲ್ಲಿ ಕಾಣುತ್ತದೆ. ಹತ್ತು ಬಗೆಯ ಮಾತ್ರೆ ಬರೆಯುವಲ್ಲಿ ಯಾವುದು ಎಷ್ಟು ತರಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಮೂರೇ ಬಗೆಯಾದರೆ ರೋಗಿಗಳ ಸಂಖ್ಯೆಯಿಂದಲೇ ಲೆಕ್ಕ ಹಾಕಿ ಮುಂಚಿತವಾಗಿ ತರಿಸಬಹುದು, ಒಂದೊಂದು ಸಲಕ್ಕೆ ಪೂರಾ ಮೂವತ್ತು ದಿನದ ಮಾತ್ರೆ ಕೊಟ್ಟು ಕಳಿಸಬಹುದು. ಸಗಟು ದರದಲ್ಲಿ ಕೊಂಡರೆ ಒಬ್ಬ ರೋಗಿಯ ಇಡೀ ವರ್ಷದ ಮಾತ್ರೆಗೆ ಕೆಲವೇ ನೂರು ರೂಪಾಯಿ.

ಒತ್ತಡ ನೋಡುವುದು, ದಾಖಲಿಸುವುದು ನರ್ಸ್‌ಗಳ ಕೆಲಸವಾಯಿತು. ರೋಗಿಯ ಕೈಗೊಂದು ಕಾರ್ಡು. ಕೆಲವು ರಾಜ್ಯಗಳಲ್ಲಿ ಆ ಕಾರ್ಡಿನ ಮೇಲೆ ಕ್ಯೂಆರ್ ಕೋಡ್, ಫೋನಿನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಹಿಂದಿನ ಅಳತೆಗಳು, ಮಾತ್ರೆಗಳು ತೆರೆದುಕೊಳ್ಳುತ್ತವೆ. ನಿಗದಿಯಾದ ದಿನ ಬರದವರ ಪಟ್ಟಿಯೂ ಅದರಲ್ಲೇ ಸಿದ್ಧ. ನರ್ಸ್ ಫೋನ್ ಮಾಡುತ್ತಾರೆ, ಸಿಗದಿದ್ದರೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಬರುತ್ತಾರೆ. ಕೋವಿಡ್ ಲಾಕ್‌ಡೌನ್ ಬಂದಾಗ ಮಾತ್ರೆಗಳು ಉಪಕೇಂದ್ರಕ್ಕೂ ಮನೆಗಳಿಗೂ ನಡೆದು ಹೋದವು. ಇಂಥ ಕೇಂದ್ರಗಳಲ್ಲಿ ಚಿಕಿತ್ಸೆಯಲ್ಲಿದ್ದವರ ಪೈಕಿ ಸುಮಾರು ಅರ್ಧದಷ್ಟು ಮಂದಿಯ ಒತ್ತಡ ಹತೋಟಿಗೆ ಬಂತು. 2022ರಲ್ಲಿ ವಿಶ್ವಸಂಸ್ಥೆಯ ಅಂತರ ಸಂಸ್ಥಾ ಕಾರ್ಯಪಡೆಯ ಪ್ರಶಸ್ತಿಯೂ ಸಿಕ್ಕಿತು. ಅರ್ಧ ಎಂಬುದು ಹೆಮ್ಮೆಪಡುವ ಅಂಕಿಯೇ? ನೂರಕ್ಕೆ 15ರ ಪಕ್ಕದಲ್ಲಿಟ್ಟರೆ ಹೌದು. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಎಂಬ ಆಸ್ಪತ್ರೆ ಜಾಲ ಹೀಗೆಯೇ ರೋಗಿಗಳ ಪಟ್ಟಿ, ಸರಳ ಸೂತ್ರ, ವೈದ್ಯರ ಭೇಟಿಯಿಲ್ಲದೆ ಪುಕ್ಕಟೆ ಒತ್ತಡ ಪರೀಕ್ಷೆ ಇವುಗಳ ಬಲದಿಂದ 2001ರಲ್ಲಿ ನೂರಕ್ಕೆ 44 ಇದ್ದ ಹತೋಟಿಯನ್ನು 2009ಕ್ಕೆ 80ಕ್ಕೆ ಏರಿಸಿತ್ತು. ದಾರಿ ಇದೆ, ಇನ್ನೂ ದೂರ ಇದೆ.

ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ 2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಗೆ ಚಾಲನೆ ಕೊಟ್ಟಿತು. ಜನರನ್ನು ಹುಡುಕಿಕೊಂಡು ಹೋಗುವ ಚಿಕಿತ್ಸೆ. ಸ್ವಸಹಾಯ ಸಂಘಗಳಿಂದ ಆರಿಸಿದ ಮಹಿಳೆಯರು ಬಿಪಿ ಯಂತ್ರ, ಶುಗರ್ ನೋಡುವ ಯಂತ್ರ, ಮಾತ್ರೆಗಳ ಚೀಲ ಹಿಡಿದು ಮನೆಮನೆಗೆ ಹೋಗುತ್ತಾರೆ. 2024ರಲ್ಲಿ ಕರ್ನಾಟಕವೂ ಕೋಲಾರ ಜಿಲ್ಲೆಯಲ್ಲಿ ‘ಗೃಹ ಆರೋಗ್ಯ’ವನ್ನು ಪ್ರಾಯೋಗಿಕವಾಗಿ ಶುರು ಮಾಡಿ, ಮರುವರ್ಷ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಮೂವತ್ತು ದಾಟಿದವರನ್ನು ಮನೆಯಲ್ಲೇ ಪರೀಕ್ಷಿಸಿ, ಬಿಪಿ, ಶುಗರ್ ಇರುವವರಿಗೆ ಮಾತ್ರೆ ತಲುಪಿಸುವ ಯೋಜನೆ ಇದು. ಎಷ್ಟು ಮನೆ ಮುಟ್ಟಿದೆವು ಎಂಬ ಅಂಕಿಯನ್ನು ಸರ್ಕಾರಗಳು ಸಂತೋಷದಿಂದ ಹೇಳುತ್ತವೆ. ಕೇಳಬೇಕಾದದ್ದು ಬೇರೆ: ಹೋದ ವರ್ಷ ಪಟ್ಟಿಗೆ ಸೇರಿದವರಲ್ಲಿ ಈ ತಿಂಗಳು ಎಷ್ಟು ಮಂದಿಯ ಒತ್ತಡ 140/90ರ ಕೆಳಗಿದೆ?

ಮಾತ್ರೆಯ ಮಾತಿನಲ್ಲಿ ಉಪ್ಪನ್ನು ಮರೆಯುವಂತಿಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತೀಯರು ತಿನ್ನುವುದು ಸರಾಸರಿ 8 ಗ್ರಾಂ ಎಂದು 2017–18ರ ರಾಷ್ಟ್ರೀಯ ಸಮೀಕ್ಷೆ ಅಂದಾಜು ಮಾಡಿದೆ, ಗಂಡಸರು ಇನ್ನೂ ಹೆಚ್ಚು. ಪಶ್ಚಿಮದವರ ಉಪ್ಪು ಹೆಚ್ಚಾಗಿ ಪೊಟ್ಟಣದ ತಿಂಡಿ, ಬ್ರೆಡ್ಡಿನಿಂದ ಬಂದರೆ ನಮ್ಮದು ಒಲೆಯ ಪಕ್ಕದ ಡಬ್ಬಿಯಿಂದ. ಸಾರಿಗೆ ಒಂದಿಷ್ಟು, ಪಲ್ಯಕ್ಕೆ ಒಂದಿಷ್ಟು, ಎಲೆಯ ತುದಿಗೆ ಒಂದು ಚಿಟಿಕೆ, ಮೇಲೆ ಉಪ್ಪಿನಕಾಯಿ, ಮಜ್ಜಿಗೆ ಅನ್ನಕ್ಕೆ ಕರಿದ ಬಾಳಕದ ಮೆಣಸಿನಕಾಯಿ. ಹಪ್ಪಳದ ಹಿಟ್ಟಿಗೆ ಬೀಳುವ ಸೋಡಾದಲ್ಲೂ ಸೋಡಿಯಂ ಇದೆ. ಸೈಂಧವ ಲವಣ, ಕಲ್ಲುಪ್ಪು ಆರೋಗ್ಯಕ್ಕೆ ಒಳ್ಳೆಯದೆಂದು ದುಬಾರಿ ಬೆಲೆಗೆ ಮಾರುತ್ತಾರೆ, ಒತ್ತಡದ ಮಟ್ಟಿಗೆ ಅದೂ ಉಪ್ಪೇ.

ಅಡುಗೆಯ ಉಪ್ಪೇ ಮುಖ್ಯವಾಗಿರುವ ಇನ್ನೊಂದು ದೇಶ ಚೀನಾ. ಅಲ್ಲಿನ 600 ಹಳ್ಳಿಗಳ ಸುಮಾರು 21 ಸಾವಿರ ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಪಾರ್ಶ್ವವಾಯು ಆಗಿದ್ದವರು ಅಥವಾ ಬಿಪಿ ಇದ್ದ ಹಿರಿಯರು ಅವರೆಲ್ಲ. ಅರ್ಧ ಹಳ್ಳಿಗಳಿಗೆ ನಾಲ್ಕನೇ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಸುಮಾರು ಐದು ವರ್ಷಗಳಲ್ಲಿ ಅಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಯಿತು. ಇಂಥ ಉಪ್ಪು ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಕಿಡ್ನಿ ತೊಂದರೆ ಇರುವವರಿಗೆ ಅದು ಅಪಾಯ, ಟೆಲ್ಮಿಸಾರ್ಟಾನ್‌ನಂಥ ಮಾತ್ರೆ ನುಂಗುವವರೂ ವೈದ್ಯರನ್ನು ಕೇಳಿಯೇ ಬಳಸಬೇಕು.

ಇಷ್ಟೆಲ್ಲ ಮಾಡಿದರೂ ಯಾವ ಪಟ್ಟಿಗೂ ಸಿಗದ ಒಂದು ವರ್ಗವಿದೆ: ದುಡಿಯುವ ವಯಸ್ಸಿನ ಗಂಡಸರು. ಆರೋಗ್ಯ ಕೇಂದ್ರ ತೆರೆದಿರುವುದು ಹಗಲಿನಲ್ಲಿ, ಆಶಾ ಕಾರ್ಯಕರ್ತೆ ಮನೆಗೆ ಬರುವುದೂ ಹಗಲಿನಲ್ಲಿ. ಆ ಹೊತ್ತಿಗೆ ಆಟೊ ಓಡಿಸುವವರು ರಸ್ತೆಯಲ್ಲಿ, ಗಾರೆ ಕೆಲಸದವರು ಕಟ್ಟಡದ ಮೇಲೆ, ಕಾರ್ಖಾನೆಯವರು ಪಾಳಿಯಲ್ಲಿ. ಹೆಂಗಸರಿಗೆ ಬಸುರಿ, ಬಾಣಂತಿಯಾಗಿದ್ದಾಗಲಾದರೂ ಆಸ್ಪತ್ರೆಯ ಪರಿಚಯವಾಗಿರುತ್ತದೆ, ತೋಳಿಗೆ ಪಟ್ಟಿ ಕಟ್ಟಿಸಿಕೊಂಡಿರುತ್ತಾರೆ. ನಲವತ್ತೈದರ ಗಂಡಸು ಬಿಪಿ ಯಂತ್ರವನ್ನು ಒಮ್ಮೆಯೂ ಕಾಣದೇ ಇರಬಹುದು.

ಇದೇ ಸಮಸ್ಯೆಗೆ ಲಾಸ್ ಏಂಜಲೀಸ್‌ನ ಹೃದ್ರೋಗ ತಜ್ಞ ರೊನಾಲ್ಡ್ ವಿಕ್ಟರ್ ಕ್ಷೌರದಂಗಡಿಯಲ್ಲಿ ಉತ್ತರ ಹುಡುಕಿದರು. ಅಮೆರಿಕದ ಕಪ್ಪು ಗಂಡಸರಲ್ಲಿ ಬಿಪಿಯ ಕಾಟ ಹೆಚ್ಚು, ಆಸ್ಪತ್ರೆಯ ಮೇಲೆ ಭರವಸೆ ಕಡಿಮೆ. ಆದರೆ ಅವರು ತಮ್ಮ ಕ್ಷೌರಿಕನನ್ನು ಬದಲಿಸುವುದಿಲ್ಲ, ವರ್ಷಗಟ್ಟಲೆ ಅದೇ ಅಂಗಡಿ, ಅದೇ ಕುರ್ಚಿ, ಅದೇ ಹರಟೆ. 52 ಅಂಗಡಿಗಳ 319 ಗಿರಾಕಿಗಳು ಪ್ರಯೋಗಕ್ಕೆ ಒಪ್ಪಿದರು. ಅರ್ಧ ಅಂಗಡಿಗಳಲ್ಲಿ ಕ್ಷೌರಿಕರು ಡಾಕ್ಟರ ಹತ್ತಿರ ಹೋಗಿ ಎಂದು ಬುದ್ಧಿ ಹೇಳಿದರು. ಉಳಿದ ಅಂಗಡಿಗಳಿಗೆ ತರಬೇತಿ ಪಡೆದ ಔಷಧ ತಜ್ಞರೇ ಬಂದು, ಗಿರಾಕಿಗಳ ವೈದ್ಯರ ಒಪ್ಪಿಗೆಯ ಮೇಲೆ ಅಲ್ಲಿಯೇ ಒತ್ತಡ ಅಳೆದು ಮಾತ್ರೆ ಬರೆದುಕೊಟ್ಟರು. ಆರು ತಿಂಗಳಲ್ಲಿ ಬುದ್ಧಿಮಾತಿನ ಅಂಗಡಿಗಳಲ್ಲಿ ಮೇಲಿನ ಒತ್ತಡ ಸರಾಸರಿ 9ರಷ್ಟು ಇಳಿಯಿತು, ಔಷಧ ತಜ್ಞರು ಬಂದ ಅಂಗಡಿಗಳಲ್ಲಿ 27ರಷ್ಟು. ಮೇಲಿನ ಒತ್ತಡ ಬರೀ 10 ಇಳಿದರೂ ಪಾರ್ಶ್ವವಾಯುವಿನ ಅಪಾಯ ಕಾಲು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳಿರುವಾಗ 27 ಸಣ್ಣ ಅಂಕಿಯಲ್ಲ.

ಅಲ್ಲಿನ ವ್ಯವಸ್ಥೆಯನ್ನು ಇಲ್ಲಿಗೆ ಹಾಗೇ ಎತ್ತಿ ತರಲಾಗದು. ಭಾರತದಲ್ಲಿ ಔಷಧ ಅಂಗಡಿಯವರಿಗೆ ಮಾತ್ರೆ ಬರೆಯುವ ಅಧಿಕಾರವಿಲ್ಲ, ಇರಬೇಕೆಂದೂ ಎಲ್ಲರೂ ಒಪ್ಪಲಾರರು. ಜನ ಇರುವ ಜಾಗಕ್ಕೆ ಯಂತ್ರ, ಮಾತ್ರೆ ಎರಡನ್ನೂ ಒಯ್ಯುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ತಮಿಳುನಾಡು 2024ರಲ್ಲಿ ತನ್ನ ಯೋಜನೆಯನ್ನು ಮನೆಗಳಾಚೆ ಕೆಲಸದ ಸ್ಥಳಗಳಿಗೂ ವಿಸ್ತರಿಸಿದೆ, ಕಾರ್ಮಿಕರ ಬಿಪಿ, ಶುಗರ್ ಪರೀಕ್ಷೆ ಅವರು ದುಡಿಯುವಲ್ಲೇ ನಡೆಯುತ್ತದೆ. ಪೀಣ್ಯದ ಕೈಗಾರಿಕಾ ಪ್ರದೇಶ, ಗಾರ್ಮೆಂಟ್ ಕಾರ್ಖಾನೆಗಳು, ಎಪಿಎಂಸಿ ಯಾರ್ಡ್, ಬಸ್ ಡಿಪೊ, ಆಟೊ ನಿಲ್ದಾಣ: ಕರ್ನಾಟಕಕ್ಕೆ ಇಂಥ ಜಾಗಗಳ ಕೊರತೆಯಿಲ್ಲ. ಅಲ್ಲೆಲ್ಲ ಆಗೊಮ್ಮೆ ಈಗೊಮ್ಮೆ ಉಚಿತ ತಪಾಸಣಾ ಶಿಬಿರಗಳು ಆಗುತ್ತಲೂ ಇರುತ್ತವೆ. ಫೋಟೊ ತೆಗೆಸಿ, ಒತ್ತಡ ಬರೆದ ಚೀಟಿ ಕೊಟ್ಟು ಹೋದ ಶಿಬಿರದವರು ಮುಂದಿನ ತಿಂಗಳು ಅದೇ ಜಾಗಕ್ಕೆ, ಅದೇ ಜನರ ಪಟ್ಟಿ ಹಿಡಿದು, ಇನ್ನೊಂದು ಮೂವತ್ತು ದಿನದ ಮಾತ್ರೆಯೊಂದಿಗೆ ವಾಪಸು ಬರುವಂತಾಗಬೇಕು.